ಅವ್ವನ ಹಣೆ ರೂಪಾಯಿ

ಅವ್ವಾ, ನೀನಿದ್ದಾಗ್ಲೂ ನಿಂಗೆ ಓದಕ್ಕೆ ಬತ್ತಿರ್ಲಿಲ್ಲ, ಆದ್ರೂ ಬರೀತೀನಿ ಕಣವ್ವ. ಸತ್ತಾಗ ಹಣೆ ಮೇಲೆ ಇಡ್ಲಿ ಅಂತ ನೀನು ಸೆರಗಲ್ಲಿ ಗಂಟಾಕಿದ್ದ ಬೆಳ್ಳಿ ರೂಪಾಯ್ನೂ ಸೇರ್ಸಿ, ಮನೆ ದುಡ್ಡನ್ನೆಲ್ಲ ಬಡ್ಡಿಗೇಂತ ನಂಜನಗೂಡು ಬ್ಯಾಂಕಿಗೆ ಕಟ್ಟಿದ್ನಲ್ಲ, ಇವತ್ತು ಬೆಳಿಗ್ಗೆ ನೀನು ಹೋದ್ಮೇಲೆ ಆ ಒಂದು ರೂಪಾಯ್ನಾದ್ರೂ ಇಸ್ಕಂಡು ಬರಾನಾಂತ ಅಲ್ಲಿಗೆ ಓಡ್ದೆ.

ಬಾಗಿಲಲ್ಲಿ ಜನವೋ ಜನ. ‘ಯುದ್ಧಕ್ಕೆ ಬೆಳ್ಳಿಯೆಲ್ಲ ಹೋಯ್ತು, ಇನ್ಮೇಲೆ ಕಾಗದದ ರೂಪಾಯೇ’ ಅಂತ ಗುಮಾಸ್ತ ಒಂದು ನೋಟು ಕೈಗಿಟ್ಟು ಕದ ಹಾಕ್ಕಂಡ. ಬ್ಯಾಂಕು ಮುಳುಗೋಯ್ತಂತೆ, ಆ ಕದ ಇನ್ನು ತೆಗಿಯಾಕಿಲ್ವಂತೆ.

ಅಂಗಳದಲ್ಲಿ ನಿನ್ನ ಮಲಗ್ಸಿ ಎಲ್ರೂ ಕಾಯ್ತಿದ್ರು. ನೋಟು ಹಣೆ ಮೇಲಿಟ್ರೆ ಗಾಳಿಗೆ ಹಾರೋಯ್ತು. ‘ಗೋಂದು ಹಚ್ಲಾ ಮಾಳಯ್ಯ’ ಅಂದ ಪಕ್ಕದ್ಮನೆ ಚಾಮಯ್ಯ. ಅಳ್ತಿದ್ದೋರೂ ನಕ್ಬುಟ್ರು. ಬರೀ ಹಣೇಲೇ ನಿನ್ನ ಮಣ್ಣು ಮಾಡ್ದೋ.

ನೋಟು ನನ್ತಾವೇ ಅದೆ. ಕಾಗದದ ರೂಪಾಯಿ ಬ್ಯಾಡ ಅಂತ ಅಂಗಡಿಯೋರೂ ಇಸ್ಕತ್ತಿಲ್ಲ ಕಣವ್ವ.