ಕುರಿಗಳಿಗೆ ಇಟ್ಟ ಇಂಗ್ಲಿಷ್ ಹೆಸರುಗಳು

ದುಬಲಗುಂಡಿ, ೧೪ ಮಾರ್ಚ್ ೨೦೦೩, ಶುಕ್ರವಾರ

ಆ ನಗು ಇನ್ನೂ ಕಿವಿಯಿಂದ ಹೋಗಿಲ್ಲ. ಒಂಬತ್ತನೇ ಇಯತ್ತೆಗೆ ಸಾಲೆ ಬಿಟ್ಟವಳು ನಾನು. ಮುಂದಿನ ತಿಂಗಳು ಖಾಸಗಿಯಾಗಿ ಎಸ್ಸೆಸ್ಸೆಲ್ಸಿ ಕೂಡಬೇಕು. ಇಂಗ್ಲಿಷಿನ ಕಠಿಣ ಶಬ್ದಗಳು ತಲೆಯಲ್ಲಿ ನಿಲ್ಲುವುದಿಲ್ಲವೆಂದು ಒಂದೊಂದನ್ನು ಒಂದೊಂದು ಕುರಿಗೆ ಹೆಸರಿಟ್ಟಿದ್ದೇನೆ. ಎಷ್ಟು ಮೇಯ್ದರೂ ಹೊಟ್ಟೆ ತುಂಬದ್ದು ವೊರೇಷಸ್. ಸುಮ್ಮನೆ ಒದರುತ್ತಲೇ ಇರುವುದು ಗ್ಯಾರುಲಸ್.

ಇವತ್ತು ಹುಮನಾಬಾದಿನ ಟ್ಯೂಶನ್ನಿನಲ್ಲಿ ರೂಪಾಲಿ ಮೇಡಂ ಗ್ಯಾರುಲಸ್ ಹಾಕಿ ವಾಕ್ಯ ಕೇಳಿದರು. ಎದ್ದು ನಿಂತು, "ಅವರ್ ಶೀಪ್ ಈಸ್ ಗ್ಯಾರುಲಸ್" ಎಂದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು.

"ಚಂದಮ್ಮ, ಅದು ಮಂದಿಗಿ ಅನ್ನೋ ಮಾತದ. ನಾಳೆ ಮಂದಿ ಮ್ಯಾಲೆ ವಾಕ್ಯ ಮಾಡ್ಕೊಂಡು ಬಾ" ಎಂದರು ಮೇಡಂ.

ಸಂಜೆ ಅಪ್ಪನಿಗೆ ಹೇಳಿದೆ. "ಬಿಡವ್ವ, ಕುರಿಯರೆ ನಗಂಗಿಲ್ಲ. ನಾಳಿಂದ ಹಿಂಡಿನ ಹಿಂದೇ ಬಾ" ಎಂದ. ಆ ಮಾತು ಹಿತವಾಗಿತ್ತು. ಅದಕ್ಕೇ ಹೆದರಿಕೆಯಾಯಿತು.

ಉಂಡ ಮೇಲೆ ಕೂತು ಹೆಸರುಗಳನ್ನು ಮಂದಿಗೆ ಹಚ್ಚಿದೆ. ವೊರೇಷಸ್ ಸೋದರಮಾವನಿಗೆ, ಗ್ಯಾರುಲಸ್ ಬಸ್ ಕಂಡಕ್ಟರನಿಗೆ. ಅಪ್ಪನಿಗೆ ಹೊಂದುವ ಶಬ್ದ ಡಿಕ್ಷನರಿಯಲ್ಲಿ ಇನ್ನೂ ಸಿಕ್ಕಿಲ್ಲ.

ನಾಳೆ ಮುಂದಿನ ಬೆಂಚಿನಲ್ಲೇ ಕೂಡುತ್ತೇನೆ. ನಗಲಿ. ಅವರು ನಕ್ಕು ಮುಗಿಸುವ ತನಕ ನಿಂತೇ ಇದ್ದು, ಆಮೇಲೆ ವಾಕ್ಯ ಹೇಳುತ್ತೇನೆ.