ಹೇಳಿಕೊಟ್ಟ ಉತ್ತರಗಳು

ಚಾಮರಾಜಪೇಟೆ, ಬೆಂಗಳೂರು
೯ ಫೆಬ್ರವರಿ ೨೦೨೫, ಭಾನುವಾರ

ಮಗಳೇ ಶರಣ್ಯ,

ನೀನು ಹಾಸ್ಟೆಲ್ ಬಿಟ್ಟ ಮೇಲೆ ನಿನಗೆ ನಾನು ಕಾಗದ ಬರೆದಿದ್ದೇ ಇಲ್ಲ. ಇದನ್ನು ಫೋನಿನಲ್ಲೇ ಹೇಳಬೇಕೆಂದು ಮೂರು ಸಲ ಹೊರಟೆ. ನೀನು "ಊಟ ಆಯ್ತಾ ಅಮ್ಮ" ಅಂದ ಕೂಡಲೇ ಆಯ್ತು ಎಂದು ಫೋನ್ ಇಟ್ಟುಬಿಟ್ಟೆ.

ಅಪ್ಪ ಹಾಗೇ ಇದ್ದಾರೆ. ಮೂಗಿನ ನಳಿಕೆಯಲ್ಲಿ ರಾಗಿ ಗಂಜಿ ಹಾಕುತ್ತೇನೆ, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುತ್ತೇನೆ. ಕಣ್ಣು ತೆರೆದೇ ಇರುತ್ತದೆ, ಯಾರನ್ನೂ ನೋಡುವುದಿಲ್ಲ. ಇನ್ನು ಸುಧಾರಿಸುತ್ತಾರೆಂದು ಕಾಯಬೇಡಿ ಎಂದು ಡಾಕ್ಟರು ಮೊನ್ನೆ ನನ್ನನ್ನು ಕೂರಿಸಿಕೊಂಡು ಹೇಳಿದರು. ನಾನೂ ಕಾಯುತ್ತಿಲ್ಲ.

ನವೆಂಬರಿನಲ್ಲಿ ಐಸಿಯು ಹೊರಗಿನ ಬೆಂಚಿನ ಮೇಲೆ ನೀನು ಹೇಳಿದ ಮಾತು ನನಗೆ ದಿನವೂ ಕೇಳಿಸುತ್ತದೆ. "ನಾನು ಅವತ್ತು ಹಂಗೆ ಮಾತಾಡಿದ್ದಕ್ಕೇ ಅಪ್ಪಂಗೆ ಬಿ.ಪಿ. ಏರಿದ್ದು. ನಾನೇ ಮಾಡ್ದೆ ಅಮ್ಮ ಇದನ್ನ" ಎಂದೆ. ನಾನು ನಿನ್ನ ತಲೆ ಸವರಿದೆ, ಅಲ್ಲ ಅನ್ನಲಿಲ್ಲ. ನೀನು ಸರಿಯಾಗಿ ಉಣ್ಣುತ್ತಿಲ್ಲ, ಕ್ಲಾಸಿನಲ್ಲಿ ಪಾಠ ಮಾಡುತ್ತಾ ಮಾಡುತ್ತಾ ನಿಂತುಬಿಡುತ್ತೀಯ ಎಂದು ಕಳೆದ ವಾರ ಅಳಿಯ ಮಂಜುನಾಥ್ ಮೈಸೂರಿನಿಂದ ಫೋನ್ ಮಾಡಿ ಹೇಳಿದರು. ಅದಕ್ಕೇ ಬರೆಯುತ್ತಿದ್ದೇನೆ. ಆದದ್ದು ನಿನ್ನಿಂದಲ್ಲ. ಪೂರ್ತಿ ಓದು.

ಎರಡು ವರ್ಷದ ಹಿಂದೆ ಮೊದಲ ಸ್ಟ್ರೋಕ್ ಆದಾಗ ಅಪ್ಪ ಬೇಗ ಎದ್ದು ಕೂತರು. ಬಲಗಾಲು ಸ್ವಲ್ಪ ಎಳೆಯುತ್ತಿದ್ದುದು ಬಿಟ್ಟರೆ ಏನೂ ಇರಲಿಲ್ಲ. ಆಸ್ಪತ್ರೆಯವರು ಆಗಲೇ ನಮ್ಮನ್ನು ಒಂದು ಸಂಶೋಧನೆಗೆ ಸೇರಿಸಿಕೊಂಡರು. ಒಮ್ಮೆ ಸ್ಟ್ರೋಕ್ ಆದವರ ನೆನಪಿನ ಶಕ್ತಿ ಹೇಗೆ ಕುಂದುತ್ತದೆ, ಎರಡನೆಯದು ಬಾರದಂತೆ ಏನು ಮಾಡಬಹುದು ಎಂದು ನೋಡುವುದಂತೆ. ನಾಲ್ಕು ತಿಂಗಳಿಗೊಮ್ಮೆ ಜ್ಯೋತಿಲಕ್ಷ್ಮಿ ಎಂಬ ಹುಡುಗಿ ಮನೆಗೇ ಬರುತ್ತಿದ್ದಳು. ಬಿ.ಪಿ. ನೋಡಿ, ಖಾಲಿ ಮಾತ್ರೆ ಹಾಳೆಗಳನ್ನು ಎಣಿಸಿ, ಆಮೇಲೆ ಪ್ರಶ್ನೆ ಕೇಳುತ್ತಿದ್ದಳು. ಇವತ್ತು ಯಾವ ತಾರೀಕು, ಐದು ಪದ ಹೇಳ್ತೀನಿ ನೆನಪಿಟ್ಟುಕೊಳ್ಳಿ, ನೂರರಲ್ಲಿ ಏಳು ಕಳೆಯಿರಿ, ಒಂದು ಗಡಿಯಾರ ಬರೆಯಿರಿ.

ಮೊದಲ ಸಲ ಮೂವತ್ತಕ್ಕೆ ಇಪ್ಪತ್ತಾರು ಬಂತು. ಎರಡನೇ ಸಲ ಇಪ್ಪತ್ತು. ಐದು ಪದದಲ್ಲಿ ಒಂದೂ ಬರಲಿಲ್ಲ, ಗಡಿಯಾರದ ಅಂಕಿಗಳೆಲ್ಲ ಒಂದೇ ಕಡೆ ಗುಂಪಾಗಿ ಕೂತಿದ್ದವು. ಇನ್ನೊಂದು ಸಲ ನೋಡೋಣ, ಆಗಲೂ ಹೀಗೇ ಬಂದರೆ ಡಾಕ್ಟರಿಗೆ ತಿಳಿಸಬೇಕು ಎಂದು ಆ ಹುಡುಗಿ ಹೇಳಿ ಹೋದಳು.

ಕಾಟನ್‌ಪೇಟೆಯ ದಾರ-ಗುಂಡಿ ಅಂಗಡಿಯಲ್ಲಿ ಅಪ್ಪ ಹೇಗಿದ್ದರೆಂದು ನೀನೇ ಬಲ್ಲೆ. ಟೈಲರ್‌ಗಳು ತುಂಡು ಬಟ್ಟೆ ಚಾಚಿದರೆ ಸಾಕು, ದಾರದ ಬಣ್ಣದ ನಂಬರು ಕೂತಲ್ಲಿಂದಲೇ ಹೇಳುತ್ತಿದ್ದರು. ಅಂಗಡಿ ಕೆಲಸದ ಓಬಳಪ್ಪ ಆ ಡ್ರಾಯರ್ ಎಳೆದರೆ ಅದೇ ಬಣ್ಣ ಇರುತ್ತಿತ್ತು. ಅಂಥವರು ಅವತ್ತು ಮಂಚದ ಅಂಚಿನಲ್ಲಿ ಕೂತು, "ಕುಮಾರಿ, ಇವ್ರು ನನ್ನ ಅಂಗಡಿ ಬಿಡಿಸ್ತಾರೆ ಕಣೇ. ಮನೇಲಿ ಕೂತ್ರೆ ನಾನು ಸತ್ತೋಗ್ತೀನಿ" ಎಂದು ನನ್ನ ಕೈ ಹಿಡಿದುಕೊಂಡರು. ನಲವತ್ತೊಂದು ವರ್ಷದಲ್ಲಿ ಅವರು ನನ್ನನ್ನು ಏನನ್ನೂ ಬೇಡಿರಲಿಲ್ಲ.

ನಾನು ಹೇಳಿಕೊಟ್ಟೆ ಶರಣ್ಯ. ಮೂವತ್ತು ವರ್ಷ ಪ್ರೈಮರಿ ಮಕ್ಕಳಿಗೆ ಮಗ್ಗಿ ಬಾಯಿಪಾಠ ಮಾಡಿಸಿದವಳು ನಾನು. ಪದಗಳನ್ನು ಅಡುಗೆಮನೆಯಿಂದ ಕೇಳಿಸಿಕೊಂಡು ಕ್ಯಾಲೆಂಡರ್ ಹಾಳೆಯ ಹಿಂದೆ ಬರೆದಿಟ್ಟಿದ್ದೆ. ಅವಳ ಹತ್ತಿರ ಪದಗಳ ಪಟ್ಟಿ ಎರಡೇ ಇದ್ದವು. ಬಾವಿ, ಮಲ್ಲಿಗೆ, ಬೀಗ, ಕೆಂಪು, ಎತ್ತು. ಇನ್ನೊಂದು ಸಲ ದೀಪ, ಹುಣಸೆ, ಕಂಬಳಿ, ಹಳದಿ, ನವಿಲು. ಬೆಳಗ್ಗೆ ಅವರ ಲಿಂಗಪೂಜೆ ಮುಗಿದ ಮೇಲೆ ಅರ್ಧ ಗಂಟೆ ಪಾಠ. ತೊಂಬತ್ತಮೂರು, ಎಂಬತ್ತಾರು, ಎಪ್ಪತ್ತೊಂಬತ್ತು. ಗಡಿಯಾರವನ್ನು ನೂರಾರು ಸಲ ಬರೆಸಿದೆ. ಅವರು ತಪ್ಪಿದಾಗ ಗದರಿದ್ದೂ ಉಂಟು. ಜ್ಯೋತಿಲಕ್ಷ್ಮಿ ಬರುವ ದಿನ ತಾರೀಕು, ವಾರ ಹೇಳಿಕೊಟ್ಟು ಕೂರಿಸುತ್ತಿದ್ದೆ.

ಆಮೇಲೆ ಮೂರು ಸಲವೂ ಇಪ್ಪತ್ತೇಳು, ಇಪ್ಪತ್ತೆಂಟು ಬಂತು. ಮನೆಯವರನ್ನು ಕೇಳುವ ಪ್ರಶ್ನೆಗಳೂ ಇದ್ದವು. ಹೇಳಿದ್ದನ್ನೇ ಹೇಳುತ್ತಾರೆಯೇ, ದಾರಿ ತಪ್ಪುತ್ತಾರೆಯೇ, ಮನೆಮಂದಿಯನ್ನು ಮರೆಯುತ್ತಾರೆಯೇ. ಎಲ್ಲಕ್ಕೂ ಇಲ್ಲ ಎಂದೆ. ಆದರೆ ಅಷ್ಟರಲ್ಲಾಗಲೇ ಅವರು ಪೂಜೆ ಮುಗಿಸಿದ್ದನ್ನು ಮರೆತು ಮತ್ತೆ ಹೋಗಿ ಕೂರುತ್ತಿದ್ದರು.

ಜುಲೈನಲ್ಲಿ ನೀನು ಬಂದೆ. ಅಪ್ಪ ಅಂಗಡಿಯಿಂದ ಹೊರಟು ದಾರಿ ತಿಳಿಯದೆ ಮೆಜೆಸ್ಟಿಕ್ ಬಸ್ ನಿಲ್ದಾಣದಲ್ಲಿ ಮೂರು ಗಂಟೆ ಕೂತಿದ್ದನ್ನು ಓಬಳಪ್ಪ ನಿನಗೆ ಹೇಳಿದ್ದ. ಊಟದ ಹೊತ್ತಿನಲ್ಲಿ ನೀನು, "ಅಪ್ಪಾ, ಸಾಕು, ಅಂಗಡಿ ಬಿಟ್ಬಿಡಿ. ನಿಮಗೆ ಏನೂ ನೆನಪಿರಲ್ಲ ಈಗ" ಎಂದೆ. ಅವರು ತಟ್ಟೆ ಬಿಟ್ಟು ಎದ್ದರು. ನಾನು ಆ ಸಂಶೋಧನೆಯ ಕಾಗದ ತಂದು ನಿನ್ನ ಮುಖಕ್ಕೆ ಹಿಡಿದೆ. ಇಪ್ಪತ್ತೇಳು ಬಂದಿದೆ ನೋಡು, ಡಾಕ್ಟರಿಗಿಂತ ನೀನು ದೊಡ್ಡವಳಾ ಎಂದು ಕೇಳಿದೆ. ನೀನು ಅವತ್ತೇ ಸಂಜೆ ಹೊರಟುಹೋದೆ. ನಿನ್ನ ಮಾತು ಒರಟಾಗಿತ್ತು, ಆದರೆ ನಿಜವಾಗಿತ್ತು. ನಾನು ತೋರಿಸಿದ ಕಾಗದ ಸುಳ್ಳಾಗಿತ್ತು.

ಇನ್ನು ಮಾತ್ರೆಯ ವಿಷಯ. ಬಿ.ಪಿ.ಗೆ ಒಂದು, ರಕ್ತ ಹೆಪ್ಪುಗಟ್ಟದಿರಲು ಒಂದು, ಕೊಬ್ಬಿಗೆ ಒಂದು. ನೆನಪು ಚೆನ್ನಾಗಿದೆ ಎಂದು ಬರೆದಿದ್ದರಿಂದ ಅವನ್ನು ತೆಗೆದುಕೊಳ್ಳುವುದು ಅವರ ಕೈಯಲ್ಲೇ ಉಳಿಯಿತು. ನಾನು ಕೇಳಹೋದರೆ, "ನಾನೇನು ಮಗುನಾ?" ಎನ್ನುತ್ತಿದ್ದರು. ಖಾಲಿ ಹಾಳೆಗಳ ಲೆಕ್ಕ ಸರಿಯಿರುತ್ತಿತ್ತು, ನಾನೂ ಸುಮ್ಮನಾದೆ.

ನವೆಂಬರ್ ಇಪ್ಪತ್ತೆರಡರಂದು ಎರಡನೇ ಸ್ಟ್ರೋಕ್ ಆಗಿ ಅಂಗಡಿಯ ಗಲ್ಲಾದ ಹಿಂದೆ ಬಿದ್ದರು. ನೀನು ಆಸ್ಪತ್ರೆಯಲ್ಲಿ ನಾಲ್ಕು ದಿನ ಇದ್ದು ಹೋದ ಮೇಲೆ ಓಬಳಪ್ಪ ಒಂದು ಡಬ್ಬಿ ತಂದು ನನ್ನ ಮುಂದಿಟ್ಟ. "ಅಮ್ಮಾ, ಗುಂಡಿ ಡ್ರಾಯರ್‌ನಲ್ಲಿ ಇದ್ವು" ಎಂದ. ಬಿಳಿ ಮಾತ್ರೆ ಬಿಳಿ ಗುಂಡಿಗಳ ಜೊತೆ, ಗುಲಾಬಿ ಮಾತ್ರೆ ಗುಲಾಬಿ ಗುಂಡಿಗಳ ಜೊತೆ. ಬಣ್ಣ ನೋಡಿ ವಿಂಗಡಿಸಿ ಇಟ್ಟಿದ್ದರು. ಎರಡು ತಿಂಗಳಿಗೂ ಹೆಚ್ಚಿನ ಮಾತ್ರೆ. ಬಣ್ಣದಲ್ಲಿ ಮಾತ್ರ ಒಂದೂ ತಪ್ಪಿರಲಿಲ್ಲ.

ಜನವರಿಯಲ್ಲಿ ಜ್ಯೋತಿಲಕ್ಷ್ಮಿ ಕೊನೆಯ ಫಾರಂ ತುಂಬಲು ಬಂದಳು. ಅಪ್ಪನ ಮಂಚದ ಪಕ್ಕ ನಿಂತು, "ಇಷ್ಟು ಚೆನ್ನಾಗಿದ್ರಲ್ಲ ಆಂಟಿ, ನಮ್ಮ ಡಾಕ್ಟರಿಗೂ ಆಶ್ಚರ್ಯ" ಎಂದಳು. ನಾನು ಕ್ಯಾಲೆಂಡರ್ ಹಾಳೆ ತಂದು ಅವಳ ಕೈಗೆ ಕೊಟ್ಟೆ. ಓದಿದಳು, ಮತ್ತೆ ಓದಿದಳು. "ಮೂರು ಸಲದ್ದೂನಾ ಆಂಟಿ?" ಎಂದು ಕೇಳಿದಳು. ಹೌದೆಂದೆ, ಗುಂಡಿ ಡ್ರಾಯರ್‌ನ ಮಾತ್ರೆಗಳ ವಿಷಯವನ್ನೂ ಹೇಳಿದೆ. ಹಾಳೆಯನ್ನು ಮಡಚಿ ತನ್ನ ಫೈಲಿನಲ್ಲಿಟ್ಟುಕೊಂಡಳು. ಆಮೇಲೆ ಮೆಲ್ಲಗೆ, "ಕಮ್ಮಿ ಬಂದಿದ್ರೆ ಮಾತ್ರೆನ ನಿಮ್ಮ ಕೈಗೆ ಕೊಡಿಸ್ತಿದ್ವಿ. ಅದಕ್ಕೇ ಆಂಟಿ ನಾವು ಬರ್ತಿದ್ದಿದ್ದು" ಎಂದಳು.

ಅವಳು ಬೈದಿದ್ದರೆ ಚೆನ್ನಾಗಿತ್ತು. ಮಾತ್ರೆ ನುಂಗಿದ್ದರೂ ಸ್ಟ್ರೋಕ್ ಬರುತ್ತಿತ್ತೇನೋ, ಯಾರೂ ಖಂಡಿತವಾಗಿ ಹೇಳಲಾರರು ಎಂದು ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಾ ಹೇಳಿದಳು. ನನ್ನ ಮೇಲಿನ ಕರುಣೆಗೆ ಆಡಿದ ಮಾತು ಅದು. ಅಪ್ಪನ ಆ ಮೂರು ಹಾಳೆಗಳನ್ನು ಸಂಶೋಧನೆಯಿಂದ ತೆಗೆದುಹಾಕುತ್ತಾರಂತೆ. ಅವರ ಸಂಕಟ ಇನ್ನೊಬ್ಬರ ಉಪಯೋಗಕ್ಕಾದರೂ ಬರುತ್ತದೆ ಎಂದುಕೊಂಡಿದ್ದೆ. ಅದೂ ಇಲ್ಲವಾಯಿತು.

ಅವರಿಗೆ ಅಂಗಡಿ ಉಳಿಸಿಕೊಡಲು ಹೊರಟಿದ್ದೆ. ಒಂಬತ್ತು ತಿಂಗಳು ಉಳಿಸಿಕೊಟ್ಟೆ. ಅದಕ್ಕೆ ಏನು ತೆತ್ತರೆಂದು ಅವರಿಗೆ ಗೊತ್ತಾಗುವುದೂ ಇಲ್ಲ. ಕ್ಷಮಿಸು ಎಂದು ಕೇಳುತ್ತಿಲ್ಲ. ನೀನು ಕ್ಷಮಿಸಿದರೂ ನನಗೆ ಹಗುರಾಗುವುದಿಲ್ಲ. ಬಂದು ನೋಡು ಎಂದೂ ಕರೆಯುತ್ತಿಲ್ಲ, ಇಲ್ಲಿ ನೋಡುವುದಕ್ಕೆ ಏನೂ ಉಳಿದಿಲ್ಲ. ನೀನು ಹೊಟ್ಟೆತುಂಬ ಉಣ್ಣು. ಮಕ್ಕಳಿಗೆ ಪಾಠ ಹೇಳು. ಇದು ನಿನ್ನ ತಲೆಗೆ ಬರುವ ಪಾಪವಲ್ಲ.

ನಿನ್ನ ಮುಂದೆ ತಲೆ ತಗ್ಗಿಸಿ ಕೂತಿರುವ
ಅಮ್ಮ
ಶಿವಕುಮಾರಿ

ತಾ.ಕ.: ಇದನ್ನು ಬರೆಯಬಾರದೆಂದಿದ್ದೆ. ಜಗಳದ ನಂತರ ನೀನು ಫೋನ್ ಮಾಡಿದಾಗಲೆಲ್ಲ, ಅಪ್ಪನಿಗೆ ಇನ್ನೂ ಕೋಪ, ನಿನ್ನ ಜೊತೆ ಮಾತಾಡುವುದಿಲ್ಲವಂತೆ ಎಂದು ಹೇಳುತ್ತಿದ್ದೆ. ಅವರಿಗೆ ಕೋಪ ಇರಲಿಲ್ಲ. ನೀನು ಹೋದ ಮರುದಿನವೇ ಜಗಳ ಮರೆತುಹೋಗಿತ್ತು. ಆಗಸ್ಟ್‌ನಲ್ಲಿ ಒಮ್ಮೆ, "ತಗೊಳ್ಳಿ, ಶರಣ್ಯ" ಎಂದು ಫೋನನ್ನು ಅವರ ಕೈಗೆ ಕೊಡಹೋದೆ. "ಯಾವ ಶರಣ್ಯ?" ಎಂದರು. ನೀನು ಆ ಕಡೆಯಿಂದ ಹಲೋ, ಹಲೋ ಅನ್ನುತ್ತಲೇ ಇದ್ದೆ. ನಾನು ಫೋನಿಗೆ ಕೈ ಮುಚ್ಚಿ, ನೀನು ಯಾರೆಂದು ಹೇಳಿಕೊಟ್ಟೆ. ಮಗಳು, ಒಬ್ಬಳೇ ಮಗಳು, ಮೈಸೂರು ಎಂದೆ. ಅವರು ಪಾಠ ಒಪ್ಪಿಸುವವರಂತೆ ಅದನ್ನೇ ತಿರುಗಿ ಹೇಳಿದರು. ಆ ದನಿಯನ್ನು ನಿನಗೆ ಕೇಳಿಸಲು ಮನಸ್ಸಾಗಲಿಲ್ಲ. ಕೋಪ ಎಂದರೆ ನೀನು ತಡೆದುಕೊಳ್ಳುತ್ತೀಯ ಅನ್ನಿಸಿತು.