ಪಾಠ ಬಂತು, ಮಾತ್ರೆ ಬರಲಿಲ್ಲ

ನಮ್ಮೂರಿಗೆ ಪರದೆ ಕಳಿಸಿ ಕ್ಲಿನಿಕ್ಕಿಗೆ ಬೀಗ ಹಾಕಿಸಿದ ಮಾನ್ಯ ಕೌಂಟಿ ಆರೋಗ್ಯಾಧಿಕಾರಿಗಳೇ,

ಎಚ್‌ಐವಿ ತಡೆಯುವ ಪಾಠವನ್ನು ತಾವು ನಮಗೆ ಚೆನ್ನಾಗಿಯೇ ಕಲಿಸಿದಿರಿ. ಕಲಿತಂತೆ ನಡೆಯಲು ದಾರಿ ಮಾತ್ರ ಉಳಿಸಲಿಲ್ಲ.

ಮಿಸಿಸಿಪ್ಪಿ ಬಯಲಿನ ಈ ಪುಟ್ಟ ಊರಿನಲ್ಲಿ ನಾನು, ಜನ ಕಾಸು ಹಾಕಿ ಬಟ್ಟೆ ಒಗೆದುಕೊಂಡು ಹೋಗುವ ಯಂತ್ರಗಳ ಅಂಗಡಿ ನಡೆಸುತ್ತೇನೆ. ಕಪ್ಪು ಜನರೆಲ್ಲ ಅಲ್ಲಿಗೇ ಬರುತ್ತಾರೆಂದು ತಮ್ಮ ಕಚೇರಿಯವರು ಕಳೆದ ವಸಂತದಲ್ಲಿ ಗೋಡೆಗೆ ದೊಡ್ಡ ಟಚ್‌ಸ್ಕ್ರೀನ್ ಹಾಕಿಸಿದರು. ಒಪ್ಪುತ್ತೇನೆ, ಪಾಠ ಸೊಗಸಾಗಿತ್ತು. ನಮ್ಮಂಥ ಮುಖಗಳು, ನಮ್ಮಂಥ ಮಾತು, ಯಾರನ್ನೂ ಹೀಗಳೆಯದ ದನಿ. ಚರ್ಚಿನಲ್ಲಿ ಆ ರೋಗದ ಹೆಸರೆತ್ತಿದರೆ ಎದ್ದುಹೋಗುವ ಲುಲಾ ಅಜ್ಜಿ ಕೂಡ ಕಾಂಡೋಮಿನ ಪಾಠವನ್ನು ಕೊನೆತನಕ ನೋಡಿ, "ನನ್ನ ಕಾಲಕ್ಕೇ ಬರಬಾರ್ದಿತ್ತೇನೇ ಇದು? ಏಳು ಹೆತ್ತೆನಲ್ಲೇ!" ಎಂದು ನಕ್ಕು ನಕ್ಕು ಕೆಮ್ಮಿದಳು.

ನನ್ನ ತಮ್ಮನ ಮಗ ಲಾವೆಲ್ ಮೀನು ಕಾರ್ಖಾನೆಯ ಕೆಲಸಗಾರ. ಗಂಡಸರನ್ನು ಪ್ರೀತಿಸುವವನು. ಅವನ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಒಂದು ಸಂಜೆ ಪರದೆಯ ಮುಂದಿನಿಂದ ಓಡಿಬಂದ.

"ಅತ್ತೆ, ದಿನಾ ಒಂದು ಮಾತ್ರೆ ತಗೊಂಡ್ರೆ ಆ ರೋಗ ಅಂಟೋದೇ ಅಪರೂಪವಂತೆ! ಇಷ್ಟು ದಿನ ಯಾರೂ ಯಾಕೆ ಹೇಳ್ಲಿಲ್ಲ?"

"ಎಲ್ಲಿ ಕೊಡ್ತಾರಂತೆ ನೋಡು, ಹೋಗು."

ಹತ್ತಿರದ ಕ್ಲಿನಿಕ್ಕಿಗೆ ಭೇಟಿ ಕೊಡಿ ಎಂದಿತು ಪರದೆ, ವಿಳಾಸ ಸಮೇತ. ವಿಳಾಸ ನಮ್ಮ ಬೀದಿಯದೇ. ಆ ಬಾಗಿಲಿಗೆ ತಾವು ಬೀಗ ಹಾಕಿಸಿ ಆಗಲೇ ತಿಂಗಳಾಗಿತ್ತು. ತಂತ್ರಜ್ಞಾನ ಬಂದ ಮೇಲೆ ನರ್ಸ್ ಯಾಕೆ ಎಂದಿದ್ದರಲ್ಲವೇ ತಮ್ಮವರು? ಪರದೆ ರಕ್ತ ಪರೀಕ್ಷೆ ಮಾಡುತ್ತದೆಯೇ ಸ್ವಾಮಿ? ಔಷಧಿ ಚೀಟಿ ಬರೆಯುತ್ತದೆಯೇ?

ದೊಡ್ಡ ಊರಿನ ಆಸ್ಪತ್ರೆಗೆ ಇಲ್ಲಿಂದ ಬಸ್ಸಿಲ್ಲ. ಅಲ್ಲಿ ವೈದ್ಯರನ್ನು ಕಾಣಲು ಸಿಕ್ಕ ಮೊದಲ ದಿನಕ್ಕೆ ಕಾರ್ಖಾನೆಯವರು ರಜೆ ಕೊಡಲಿಲ್ಲ. ಇನ್ನೊಂದು ದಿನ ಸಿಗುವಷ್ಟರಲ್ಲಿ ಬೇಸಿಗೆ ಮುಗಿದಿತ್ತು. ಪಾದ್ರಿಗಳ ಕಾರು ಬೇಡಿಕೊಂಡು ಹೋದೆವು. ಮಾತ್ರೆ ಕೊಡುವ ಮುನ್ನ ಮಾಡಿದ ಪರೀಕ್ಷೆಯಲ್ಲೇ ತಿಳಿಯಿತು, ಸೋಂಕು ಆಗಲೇ ತಗುಲಿತ್ತು.

"ಈಗ ಒಳ್ಳೆ ಔಷಧಿ ಇದೆ ಕಂದ, ಚೆನ್ನಾಗಿ ಬಾಳ್ತೀಯ," ಎಂದರು ಅಲ್ಲಿನ ನರ್ಸ್. ಅವನು ತಲೆಯಾಡಿಸಿದ. ಕಾರು ಹತ್ತಿದ ಮೇಲೆ, "ಅತ್ತೆ, ನಂಗೆ ಎಲ್ಲಾ ಗೊತ್ತಿತ್ತಲ್ಲ," ಎಂದ. ನಾನು ಅವನ ಕೈ ಹಿಡಿದುಕೊಂಡೆ. ತಮ್ಮ ವರದಿಯಲ್ಲಿ ಮಾತ್ರ ಅವನು ಪಾಠವನ್ನು ಯಶಸ್ವಿಯಾಗಿ ಮುಗಿಸಿದವನು. ಅಭಿನಂದನೆಗಳು.

ಪರದೆ ಇರಲಿ, ಕೀಳಬೇಡಿ. ವಾರಕ್ಕೊಂದು ದಿನವಾದರೂ ಒಬ್ಬ ನರ್ಸನ್ನು, ಪರೀಕ್ಷೆಯ ಸಾಮಾನು ಮತ್ತು ಮಾತ್ರೆಗಳ ಜೊತೆ ಕಳಿಸಿಕೊಡಿ. ಅಂಗಡಿಯ ಹಿಂದಿನ ಕೋಣೆ ಬಿಟ್ಟುಕೊಡುತ್ತೇನೆ. ನಿನ್ನೆ ಇನ್ನೊಬ್ಬ ಹುಡುಗಿ ಪಾಠ ಮುಗಿಸಿ ಬಂದು, "ಆಂಟಿ, ಈ ಮಾತ್ರೆ ಎಲ್ಲಿ ಸಿಗತ್ತೆ?" ಎಂದು ಕೇಳಿದಳು.

ಇಂತಿ,
ಅವಳ ಪ್ರಶ್ನೆಯನ್ನು ತಮಗೇ ದಾಟಿಸಿ ಯಾರದೋ ಬಟ್ಟೆ ಮಡಿಸುತ್ತಾ ನಿಂತ
ಅರ್ನೆಸ್ಟೀನ್ ಬ್ರಾಡ್ನಾಕ್ಸ್